ಎಳ್ಳಮಾಸಿಯ ದಿನ ನನ್ನ ತಾಟಿನಲ್ಲಿ ಉಂಡವಳು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಒಳಗೊಳಗೆ ನಕ್ಕು ಸುಮ್ಮನಾಗುವ ಜಾತಿಯಲ್ಲ ನಾನು, ಎದುರಿಗೇ ನಕ್ಕುಬಿಡುತ್ತಿದ್ದೆ. ಆಸ್ಪತ್ರೆಗೆ ಬಂದ ಹೆಣ್ಣುಮಕ್ಕಳು ಮೈಮೇಲೆ ಗಾಳಿ ಬಂದಿದೆ ಎಂದರೆ, ಗಾಳಿ ಹಾಗಿರಲಿ, ಮೈಯಲ್ಲಿ ರಕ್ತ ಎಷ್ಟಿದೆ ನೋಡೋಣ ಎಂದು ಬೆರಳು ಚುಚ್ಚಿ ಕಳಿಸುತ್ತಿದ್ದೆ. ಕಬ್ಬಿಣದ ಗುಳಿಗೆ ಹೊಟ್ಟೆಗೆ ಬಿದ್ದ ಮೇಲೆ ಎಷ್ಟೋ ಗಾಳಿಗಳು ತಾವಾಗಿಯೇ ಬಿಟ್ಟುಹೋದದ್ದನ್ನು ನೋಡಿದ್ದೇನೆ. ಈಗಲೂ ಹಾಗೆಯೇ ಬೆರಳು ಚುಚ್ಚುತ್ತೇನೆ, ಆದರೆ ನಗುವುದನ್ನು ಬಿಟ್ಟಿದ್ದೇನೆ. ಯಾಕೆಂದು ಹೇಳಿದರೆ ಈಗ ನೀವು ನಗಬಹುದು. ನಗಿರಿ, ಬೇಜಾರಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿ ನನ್ನ ತಲೆಯ ಭಾರ ಇಳಿಸಿಕೊಳ್ಳುತ್ತೇನೆ.

ಮೊದಲು ಸ್ವಲ್ಪ ಹಿಂದಿನದು. ನನ್ನದು ಸಿಂದಗಿ ತಾಲ್ಲೂಕಿನ ಒಂದು ಹಳ್ಳಿ. ನಾನು ಒಂದನೇ ತರಗತಿಯಲ್ಲಿದ್ದಾಗ ಅವ್ವ ಎರಡನೇ ಹೆರಿಗೆಯಲ್ಲಿ ತೀರಿಕೊಂಡಳು. ಬೆಳಿಗ್ಗೆಯೇ ನೋವು ಶುರುವಾಗಿತ್ತು. ಮನೆಯ ಹಿರಿಯರು ಇನ್ನೊಂದು ಸ್ವಲ್ಪ ನೋಡೋಣ ಎಂದರು. ಮಧ್ಯಾಹ್ನವೂ ಅದನ್ನೇ ಅಂದರು. ರಕ್ತ ನಿಲ್ಲದಾದಾಗ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಸಿಂದಗಿಗೆ ಹೊರಟರು, ದಾರಿಯಲ್ಲೇ ಎಲ್ಲ ಮುಗಿದುಹೋಯಿತು. ಕೂಸೂ ಉಳಿಯಲಿಲ್ಲ. ಅವರಲ್ಲಿ ಯಾರೂ ಕೆಟ್ಟವರಲ್ಲ. ಎದ್ದು ನಿಂತು 'ನಡೀರಿ' ಎಂದು ಗದರಿಸುವವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ, ಅಷ್ಟೇ. ಅವ್ವನದೊಂದು ಫೋಟೋ ಸಹ ನಮ್ಮಲ್ಲಿಲ್ಲ. ಎಷ್ಟು ನೆನೆಸಿಕೊಂಡರೂ ಅವಳ ಮುಖ ನನಗೆ ಬರುವುದಿಲ್ಲ. ಹಸಿರು ಬಳೆಯ ಒಂದು ಕೈ ಮಾತ್ರ ಬರುತ್ತದೆ, ಅದೂ ಅವಳದೋ ಬೇರೆಯವರದೋ ಗೊತ್ತಿಲ್ಲ.

ಅಪ್ಪ ದುಡಿಯಲು ಸೊಲ್ಲಾಪುರಕ್ಕೆ ಹೋದ. ನನ್ನನ್ನು ಅವ್ವನ ಅಕ್ಕ, ಅಂದರೆ ನನ್ನ ದೊಡ್ಡವ್ವ, ಇಂಡಿಯ ಕಡೆ ಲಚ್ಯಾಣದ ಹತ್ತಿರದ ತನ್ನ ಊರಿಗೆ ಕರೆದೊಯ್ದಳು. ಅಲ್ಲಿ ಅವಳದು ಲಿಂಬೆಯ ತೋಟ. ಮೊದಮೊದಲು ನಾನು ದೊಡ್ಡವಳಾಗಿ ಟ್ರ್ಯಾಕ್ಟರ್ ಡ್ರೈವರ್ ಆಗುತ್ತೇನೆ ಎನ್ನುತ್ತಿದ್ದೆ. ಟ್ರ್ಯಾಕ್ಟರ್ ಇನ್ನಷ್ಟು ಜೋರಾಗಿ ಓಡಿದ್ದರೆ ಅವ್ವ ಉಳಿಯುತ್ತಿದ್ದಳು ಎಂಬುದು ನನ್ನ ಲೆಕ್ಕ. ದೊಡ್ಡವ್ವ ಲಿಂಬೆಹಣ್ಣು ಆರಿಸುತ್ತಲೇ ಹೇಳಿದಳು: "ಎಟ್ಟ ಜೋರ ಹೊಡದರೂ, ಹೋಗಿ ಮುಟ್ಟಿದಲ್ಲಿ ಡಾಕ್ಟರ್ ಇರಬೇಕಲ್ಲಬೇ?" ಅಂದಿನಿಂದ ಟ್ರ್ಯಾಕ್ಟರ್ ಬಿಟ್ಟೆ, ಪುಸ್ತಕ ಹಿಡಿದೆ. ಅವ್ವನ ನೆನಪಾಗಿ ಅತ್ತಾಗಲೆಲ್ಲ ದೊಡ್ಡವ್ವನದು ಒಂದೇ ಮಾತು: "ಅತ್ತು ಮುಗಿಸಿ ಓದು, ಓದಿ ಮುಗಿಸಿ ಬೇಕಾದರ ಮತ್ತ ಅಳುವಂತಿ." ಓದು ಮುಗಿಯುವ ಹೊತ್ತಿಗೆ ನಿದ್ದೆ ಬಂದಿರುತ್ತಿತ್ತು. ಹೀಗೆ ಅಳುವುದಕ್ಕೆ ಪುರುಸೊತ್ತು ಸಿಗದೆ ನಾನು ಡಾಕ್ಟರಾದೆ ಎಂದು ಗೆಳತಿಯರು ಈಗಲೂ ಕಾಡಿಸುತ್ತಾರೆ. ಹುಬ್ಬಳ್ಳಿಯಲ್ಲಿ ಓದಿ, ಹೆರಿಗೆಯ ವಿಭಾಗವನ್ನೇ ಹಟ ಹಿಡಿದು ಆರಿಸಿಕೊಂಡು, ಮುದ್ದೇಬಿಹಾಳದಲ್ಲಿ ಸ್ವಲ್ಪ ಕಾಲ ಇದ್ದು, ಕೊನೆಗೆ ಬಸವನ ಬಾಗೇವಾಡಿಯ ಆಸ್ಪತ್ರೆಗೆ ಬಂದೆ.

ಈ ಸಂಗತಿ ನಡೆದದ್ದು ಇಲ್ಲಿಗೆ ಬಂದ ಮೊದಲ ವರ್ಷ, ಎಳ್ಳಮಾಸಿಯ ದಿನ, ಹಾಡಹಗಲಲ್ಲಿ. ನಮ್ಮ ಕಡೆಯ ಎಳ್ಳ ಅಮಾವಾಸ್ಯೆ ಕಂಡವರಿಗೆ ನಾನು ಹೇಳಬೇಕಾದ್ದಿಲ್ಲ. ಊರಿಗೆ ಊರೇ ಕೀಲಿ ಹಾಕಿಕೊಂಡು ಹೊಲಕ್ಕೆ ಹೋಗುತ್ತದೆ. ಬನ್ನಿಗಿಡದ ಕೆಳಗೆ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜೆ ಮಾಡಿ, ತಂದ ಅಡಿಗೆಯನ್ನೆಲ್ಲ ಕಲಸಿ ಬೆಳೆಯ ಮೇಲೆ ಚರಗ ಚೆಲ್ಲುತ್ತಾರೆ. ಬಸುರಿಗೆ ಬಯಕೆಯ ಊಟ ಹಾಕುವ ಹಾಗೆ, ತೆನೆ ಕಟ್ಟುತ್ತಿರುವ ಭೂಮಿಗೆ ಊಟ ಹಾಕುವ ಹಬ್ಬ ಅದು. ಆ ದಿನ ಹೊಲದ ದಾರಿಯಲ್ಲಿ ಹೋಗುವ ಯಾರನ್ನೂ ಉಣ್ಣಿಸದೆ ಬಿಡುವಂತಿಲ್ಲ. ನೀವು ಯಾರು, ಯಾವ ಊರು ಎಂದು ಕೇಳುವುದೂ ಇಲ್ಲ. ಬಂದಿರಾ, ಕೂಡ್ರಿ, ಉಣ್ಣಿರಿ.

ನಮ್ಮ ಆಸ್ಪತ್ರೆಯ ಶಾಂತಾ ಸಿಸ್ಟರ್ ತಮ್ಮ ಹೊಲಕ್ಕೆ ಕರೆದಿದ್ದರು. ಇಂಗಳೇಶ್ವರದ ಕಡೆ ಹೋಗುವ ದಾರಿಯಲ್ಲಿ ಒಂದು ಬೇವಿನ ಗಿಡ, ಅದನ್ನು ದಾಟಿ ಎಡಕ್ಕೆ ಎಂದಿದ್ದರು. ಬೆಳಗಿನ ರೋಗಿಗಳನ್ನು ನೋಡಿ ಮುಗಿಸಿ ಕಾರು ತೆಗೆದುಕೊಂಡು ಹೊರಟೆ. ಎಳ್ಳಮಾಸಿಯ ದಿನ ಆ ದಾರಿಯಲ್ಲಿ ಪ್ರತಿ ಹೊಲದಲ್ಲೂ ಟ್ರ್ಯಾಕ್ಟರ್, ಬಂಡಿ, ಮಕ್ಕಳ ಗದ್ದಲ. ಬೇವಿನ ಗಿಡಗಳಂತೂ ಬೇಕಾದಷ್ಟು. ಎಲ್ಲಿ ತಿರುಗಬೇಕೆಂದು ನೋಡುತ್ತಿರುವಾಗ ದಾರಿಯ ಪಕ್ಕದಲ್ಲಿ ನಿಂತಿದ್ದ ಒಬ್ಬ ಹೆಂಗಸು ಕೈ ಅಡ್ಡ ಮಾಡಿದಳು. ಐವತ್ತು ದಾಟಿದ ಹಾಗಿತ್ತು. ಇಳಕಲ್ ಸೀರೆ, ಕೈತುಂಬ ಬಳೆ, ಮೈಕೈ ತುಂಬಿಕೊಂಡ ಭರ್ತಿ ಆಸಾಮಿ. "ಎಟ್ಟೊತ್ತಾತಬೇ ಕಾಯಾಕತ್ತು! ಇಳಿ, ಇದ ಹೊಲ" ಎಂದಳು. ಶಾಂತಾ ಸಿಸ್ಟರ್ ಕಳಿಸಿದವಳಿರಬೇಕೆಂದು ಇಳಿದೆ. ಊರಲ್ಲೆಲ್ಲ ಬರ್ರಿ ಹೋಗ್ರಿ ಅನ್ನಿಸಿಕೊಂಡು ಸಾಕಾಗಿದ್ದ ನನಗೆ ಆ 'ಬೇ' ಕೇಳಿ ಖುಷಿಯೇ ಆಯಿತು. ದೊಡ್ಡವ್ವನನ್ನು ಬಿಟ್ಟರೆ ನನ್ನನ್ನು ಹಾಗೆ ಕರೆಯುವವರು ಯಾರಿದ್ದಾರೆ?

ಹೊಲದಲ್ಲಿ ಶಾಂತಾ ಸಿಸ್ಟರ್ ಇರಲಿಲ್ಲ. ಯಾರೋ ಬೇರೆ ಮನೆಯವರು. ಕೇಳೋಣ ಎನ್ನುವಷ್ಟರಲ್ಲಿ ಕೈಗೆ ತಾಟು ಬಂದಿತ್ತು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಡಬು. ಆ ತಾಟನ್ನು ಕೈಯಲ್ಲಿ ಹಿಡಿದು, ಕ್ಷಮಿಸಿ ನಾನು ತಪ್ಪಿ ಬಂದೆ ಎಂದು ಹೇಳುವ ಗಟ್ಟಿ ಮನಸ್ಸು ನನಗಂತೂ ಇಲ್ಲ. ಕೂತೆ. ಆ ಹೆಂಗಸೂ ನನ್ನ ಪಕ್ಕದಲ್ಲೇ ಕೂತು, ನನ್ನ ತಾಟಿಗೆ ತುಪ್ಪ ಸುರಿದಳು. ಮಕ್ಕಳನ್ನು ಕಾಡಿಸಿದಳು, ಮನೆಯ ಯಜಮಾನನಿಗೆ ರೊಟ್ಟಿ ದಪ್ಪ ಆಗಿವೆ ಎಂದು ಅಂದಳು. ಎಲ್ಲರೂ ನಕ್ಕರು. ಅಷ್ಟು ಸಲಿಗೆ ನೋಡಿ ಅವಳು ಆ ಮನೆಯ ಹಿರಿಯಳೇ ಎಂದುಕೊಂಡೆ.

ಎರಡು ತುತ್ತು ಉಂಡಿರಬೇಕು. ಅವಳು ಮೊಣಕೈಯಿಂದ ನನ್ನನ್ನು ತಿವಿದು, "ಅಲ್ಲಿ ನೋಡು" ಎಂದಳು. ಬಂಡಿಯ ನೆರಳಿನಲ್ಲಿ ದಿನ ತುಂಬಿದ ಒಬ್ಬ ಹುಡುಗಿ ಗಾಲಿಗೆ ಒರಗಿ ಕೂತಿದ್ದಳು. ಆ ಮನೆಯ ಮಗಳು ರೇಣುಕಾ, ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು. ಮುಖ ಬಾತಿತ್ತು, ಬಳೆಗಳು ಕೈಯಲ್ಲಿ ಕಚ್ಚಿಕೊಂಡಿದ್ದವು. ಹತ್ತಿರ ಹೋಗಿ ಮಾತಾಡಿಸಿದೆ. "ತಲಿ ಸಿಡಿತೈತ್ರಿ, ಕಣ್ಣ ಮುಂದ ಚುಕ್ಕಿ ಕುಣದಂಗ ಆಗತೈತಿ" ಎಂದಳು. ನನ್ನ ಹಬ್ಬ ಅಲ್ಲಿಗೆ ಮುಗಿಯಿತು. ಕಾರಿನಲ್ಲಿದ್ದ ಯಂತ್ರ ತಂದು ಬಿಪಿ ನೋಡಿದರೆ ಮಿತಿಮೀರಿ ಏರಿತ್ತು. ಯಾವ ಗಳಿಗೆಯಲ್ಲಾದರೂ ಫಿಟ್ಸ್ ಬಂದು ತಾಯಿ, ಮಗು ಇಬ್ಬರೂ ಕೈಬಿಟ್ಟು ಹೋಗಬಹುದಾದ ಸ್ಥಿತಿ ಅದು. ಈಗಲೇ ಆಸ್ಪತ್ರೆಗೆ ಹೊರಡಬೇಕು ಎಂದೆ.

ಹುಡುಗಿಯ ಅಜ್ಜಿ ತಲೆಯಾಡಿಸಿದಳು. "ಬಿಸಲ ತಾಕಿರಬೇಕ್ರಿ ಡಾಕ್ಟರಬಾಯಿ. ಚರಗ ಚೆಲ್ಲೂದೊಂದು ಮುಗೀಲಿ. ಒಂದೀಟು ನೋಡೋಣು" ಎಂದಳು. ಅವ್ವನ ಹೆರಿಗೆಯ ದಿನ ನಮ್ಮ ಮನೆಯವರು ಅಂದದ್ದೂ ಇದೇ ಮಾತು. ಇಷ್ಟು ವರ್ಷ ಓದಿದ್ದು ಈ ಒಂದು ಮಾತಿಗೆ ಎದುರಾಡುವುದಕ್ಕೆ, ಎದುರಾಡುವ ಹೊತ್ತಿಗೆ ನಾನು ಬಿಪಿ ಯಂತ್ರ ಮಡಚುತ್ತಾ ಕೂತುಬಿಟ್ಟೆ. ಆಗ ನನ್ನ ಹಿಂದಿನಿಂದ ಆ ಹೆಂಗಸು ಹೊಲದ ತುಂಬ ಕೇಳುವ ಹಾಗೆ ಕೂಗಿದಳು: "ಚರಗ ಮುಂದಿನ ವರ್ಷಾನೂ ಬರತೈತಿ. ಇಕಿ ಹೋದರ ಬರ್ತಾಳೇನು? ಏಳ್ರಿ, ಎತ್ರಿ, ನಡೀರಿ!" ಗಂಡಸರು ಕೈತೊಳೆಯದೆ ಎದ್ದರು. ಒಂದು ನಿಮಿಷದಲ್ಲಿ ರೇಣುಕಾ ನನ್ನ ಕಾರಿನ ಹಿಂದಿನ ಸೀಟಿನಲ್ಲಿದ್ದಳು, ತಲೆ ಅವಳ ತಾಯಿಯ ತೊಡೆಯ ಮೇಲೆ.

ನೆಲದ ಮೇಲೆ ಬಿಟ್ಟಿದ್ದ ನನ್ನ ತಾಟನ್ನು ಎತ್ತಿಕೊಂಡು, ಎಲ್ಲಿಡಲಿ ಎಂದು ನೋಡುತ್ತಿದ್ದೆ. ಆ ಹೆಂಗಸು ಅದನ್ನು ಕೈಯಿಂದ ಕಸಿದುಕೊಂಡು, "ನೀ ಹೋಗು, ಇದನ್ನ ನಾ ಉಣ್ತೇನಿ" ಎಂದಳು. ಕಾರು ತಿರುಗಿಸುವಾಗ ಕನ್ನಡಿಯಲ್ಲಿ ನೋಡಿದೆ. ಬದುವಿನ ಮೇಲೆ ನಿಂತು, ನನ್ನ ಎಂಜಲ ತಾಟಿನಿಂದ ಕಡಬು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಪಕ್ಕದ ಹೊಲದಲ್ಲಿ ಯಾರೋ 'ಹುಲ್ಲುಲ್ಲಿಗೋ' ಎಂದು ಕೂಗಿ ಚರಗ ಚೆಲ್ಲಲು ಶುರುಮಾಡಿದ್ದರು.

ಆಸ್ಪತ್ರೆಯ ಮಂಚದ ಮೇಲೆ ಮಲಗಿಸುತ್ತಿದ್ದಂತೆ ಫಿಟ್ಸ್ ಬಂತು. ಹೊಲದಲ್ಲಿ ಬಂದಿದ್ದರೆ ಎಂದು ಈಗಲೂ ನೆನೆಸಿಕೊಳ್ಳುವುದಿಲ್ಲ. ಇಂಜೆಕ್ಷನ್ ಕೈಯಲ್ಲೇ ಇತ್ತು, ಸುದ್ದಿ ತಿಳಿದು ಶಾಂತಾ ಸಿಸ್ಟರ್ ತಮ್ಮ ಹೊಲದಿಂದ ಉಣ್ಣುವುದನ್ನು ಬಿಟ್ಟು ಓಡಿಬಂದಿದ್ದರು. ಹೊತ್ತು ಮುಳುಗುವ ಮೊದಲು ಆಪರೇಷನ್ ಮಾಡಿ ಹೆಣ್ಣು ಕೂಸನ್ನು ಹೊರಗೆ ತೆಗೆದೆವು. ಹುಟ್ಟಿದ್ದೇ ತಡ ಆಸ್ಪತ್ರೆ ಹಾರಿಹೋಗುವ ಹಾಗೆ ಚೀರಿತು. ಆ ಚೀರಾಟ ಕೇಳಿ ನಾನು ಮಾಸ್ಕಿನೊಳಗೆ ಸಣ್ಣ ಹುಡುಗಿಯ ಹಾಗೆ ನಗುತ್ತಿದ್ದೆ. ಹೊರಗೆ ಬಂದರೆ ಹೊಲದ ಅಷ್ಟೂ ಜನ ಬುತ್ತಿಗಂಟಿನ ಸಮೇತ ಆಸ್ಪತ್ರೆಯ ಅಂಗಳಕ್ಕೆ ಬಂದಿದ್ದರು. ಅಜ್ಜಿ ನನ್ನ ಮುಖಕ್ಕೆ ಲಟಿಕೆ ಮುರಿದು ದೃಷ್ಟಿ ತೆಗೆದಳು. ವಾಚ್‌ಮನ್‌ನಿಂದ ಹಿಡಿದು ಒಳರೋಗಿಗಳವರೆಗೆ ಎಲ್ಲರಿಗೂ ಹೋಳಿಗೆ ಸಿಕ್ಕಿತು.

ರೇಣುಕಾಳ ತಂದೆ ಹೋಳಿಗೆಯ ಒಂದು ಗಂಟನ್ನು ನನ್ನ ಕೈಗೆ ಕೊಟ್ಟು ಕೇಳಿದ: "ನಿಮ್ಮ ಅವ್ವಾರು ಮನೀಗಿ ಹೋದರೇನ್ರಿ?"

ಯಾವ ಅವ್ವ ಎಂದೆ.

"ಹೊಲಕ್ಕ ನಿಮ್ಮನ್ನ ಕರಕೊಂಡು ಬಂದಿದ್ದರಲ್ರಿ. ನಿಮಗ ಏಕವಚನದಾಗ ಮಾತಾಡಾಕತ್ತಿದ್ರು, ನಿಮ್ಮ ತಾಟಿನಾಗ ಉಂಡರು. ತಾಯಿ ಅಲ್ದ ಮತ್ಯಾರು ಹಂಗ ಉಣ್ತಾರ್ರಿ?"

ಅವಳು ನಿಮ್ಮವಳಲ್ಲವೇ ಎಂದು ನಾನು ಕೇಳಿದೆ. ಅಲ್ಲವೇ ಅಲ್ಲ ಎಂದರು. ಅವರು ನನ್ನವಳೆಂದುಕೊಂಡಿದ್ದರು, ನಾನು ಅವರವಳೆಂದುಕೊಂಡಿದ್ದೆ. ಎಳ್ಳಮಾಸಿಯ ದಿನ ಯಾರೂ ಯಾರನ್ನೂ ಹೆಸರು ಕೇಳುವುದಿಲ್ಲವಲ್ಲ! ಕಾರು ಹೋದ ಮೇಲೆ ಗಡಿಬಿಡಿಯಲ್ಲಿ ಅವಳನ್ನು ಯಾರೂ ಗಮನಿಸಿರಲಿಲ್ಲ. ತೊಳೆದ ಹಾಗೆ ಖಾಲಿಯಾದ ತಾಟು ಮಾತ್ರ ಬದುವಿನ ಮೇಲಿತ್ತಂತೆ.

ನಾನೇನು ಕಣ್ಣುಮುಚ್ಚಿ ನಂಬುವವಳಲ್ಲ. ಶಾಂತಾ ಸಿಸ್ಟರ್ ಅವರನ್ನು ಕರೆದುಕೊಂಡು ಸುತ್ತಲಿನ ಹೊಲದವರನ್ನೆಲ್ಲ ವಿಚಾರಿಸಿದೆ. ಅಂಥವಳು ಯಾರಿಗೂ ಗೊತ್ತಿಲ್ಲ. ಹಾಗೆಂದು ಇರಲಿಲ್ಲ ಎನ್ನುವಂತೆಯೂ ಇಲ್ಲ, ಆ ದಿನ ಬೇರೆ ಊರಿನ ನೆಂಟರೆಷ್ಟೋ ಬಂದಿರುತ್ತಾರೆ. ಕಾರಿನ ಗಾಜಿನ ಮೇಲಿನ ಗುರುತು ನೋಡಿ ಡಾಕ್ಟರೆಂದು ತಿಳಿದಿರಬಹುದು. ಬಸುರಿಯ ಬಾತ ಮುಖವನ್ನು ಅನುಭವದ ಹೆಂಗಸು ಯಾರೇ ಆದರೂ ಗುರುತಿಸಬಹುದು. ಎಲ್ಲದಕ್ಕೂ ಒಂದೊಂದು ಕಾರಣ ಹೊಂದಿಸಿ ಇಡುತ್ತೇನೆ. ಅಷ್ಟರಲ್ಲಿ 'ಎಟ್ಟೊತ್ತಾತಬೇ ಕಾಯಾಕತ್ತು' ಎಂದದ್ದು ನೆನಪಾಗುತ್ತದೆ, ಎಲ್ಲ ಕಾರಣಗಳೂ ಕೆಳಗೆ ಬೀಳುತ್ತವೆ. ಅವಳು ಯಾರನ್ನು ಕಾಯುತ್ತಿದ್ದಳು? ಇನ್ನೊಂದು ಕಡೆ, ನನ್ನ ಅವ್ವ ಸತ್ತಾಗ ಇಪ್ಪತ್ತೈದೂ ತುಂಬಿರಲಿಲ್ಲ. ಇವಳು ಐವತ್ತು ದಾಟಿದವಳು. ದೆವ್ವಕ್ಕೆ ವಯಸ್ಸಾಗುತ್ತದೆಯೇ? ಹೊಟ್ಟೆ ಬರುತ್ತದೆಯೇ? ಈ ಪ್ರಶ್ನೆ ಯಾವ ಪುಸ್ತಕದಲ್ಲೂ ಇಲ್ಲ.

ಆ ವಾರವೇ ರಜೆ ಹಾಕಿ ದೊಡ್ಡವ್ವನ ಹತ್ತಿರ ಹೋದೆ. ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ, ಇಲ್ಲವೇ ಗಾಬರಿಯಾಗುತ್ತಾಳೆ ಎಂದುಕೊಂಡಿದ್ದೆ. ಎರಡೂ ಇಲ್ಲ. ಅವಳು ಕೇಳಿದ್ದು ಇಷ್ಟೇ: "ದಪ್ಪ ಇದ್ಲೇನು?"

"ಚಲೋ ದಪ್ಪ ಇದ್ಲು ದೊಡ್ಡವ್ವ."

"ಬರೇ ಎಲುಬಿನ ಹಂದರ ಆಗಿದ್ಲಬೇ ನನ್ನ ತಂಗಿ. ಬಸುರಿದ್ದಾಗೂ ಎಲ್ಲಾರೂ ಉಂಡ ಮ್ಯಾಲ ಬುಟ್ಟ್ಯಾಗ ಉಳದದ್ದ ತಿಂತಿದ್ಲು." ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮುಖದ ತುಂಬ ನಗು. "ಉಂಡದ್ದು ನೀನ ಕಣ್ಣಾರೆ ನೋಡೀದಿ, ಹೌದಿಲ್ಲ?"

ಅವಳು ಯಾರೆಂದು ಆಗಲೂ ನನಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಆದರೆ ದೊಡ್ಡವ್ವ ಅದನ್ನು ಕೇಳಲೇ ಇಲ್ಲ. ಕೇಳಿದ್ದಕ್ಕೆ ಮಾತ್ರ ನಾನು ಉತ್ತರ ಕೊಟ್ಟೆ. ಹೌದು, ನೋಡಿದೆ. ಹೊಟ್ಟೆ ತುಂಬ ಉಂಡಳು.