ಹತ್ತು ಗೆರೆ

ನೂಲಿಗೆ ಬಣ್ಣ ಹಾಕುವುದು ಅವಳ ಕಸುಬು. ಎಲ್ಲರ ಬಾಯಲ್ಲೂ ಬಣ್ಣದಕ್ಕ. ಓದು ಮೂರನೇ ಕ್ಲಾಸಿಗೇ ನಿಂತಿತ್ತು. ಆದರೆ ಇಷ್ಟು ಪುಡಿಗೆ ಇಷ್ಟು ನೀರು ಎಂಬ ಲೆಕ್ಕದಲ್ಲಿ ಅವಳನ್ನು ಮೀರಿಸಿದವರಿಲ್ಲ.

ಗಂಡ ಹಾಸಿಗೆ ಹಿಡಿದಾಗ ಆಸ್ಪತ್ರೆಯ ನರ್ಸು ಔಷಧದ ಪುಡಿಯ ಸೀಸೆಗೆ ಒಂದು ಎಂಎಲ್ ನೀರು ಬೆರೆಸಿ ತೋರಿಸಿದ್ದಳು. ಇನ್ಸುಲಿನ್‌ಗೆ ಬಳಸುವ ಸಣ್ಣ ಸಿರಿಂಜಿನ ಗೆರೆಗಳ ಮೇಲೆ ಉಗುರಿಟ್ಟು, "ದಿನಾ ಹತ್ತು ಗೆರೆ ಎಳೀರಿ. ಮರೀಬೇಡಿ" ಎಂದಿದ್ದಳು.

ಬಣ್ಣದಕ್ಕ ಮರೆಯಲಿಲ್ಲ. ಎರಡನೇ ತಿಂಗಳು ಔಷಧದಂಗಡಿಯವನು ಅದೇ ಪುಡಿಯ ಜೊತೆ ಎರಡು ಎಂಎಲ್ ನೀರು ಕೊಟ್ಟ. ಪೂರ್ತಿ ಸುರಿದಳು. ಎಳೆದದ್ದು ಅದೇ ಹತ್ತು ಗೆರೆ. ಇಪ್ಪತ್ತಾರು ದಿನ ಗಂಡನ ಮೈಗೆ ಸೇರಿದ್ದು ಅರ್ಧ ಔಷಧ. ಆಮೇಲೆ ಅವನು ಹೋದ.

ಅವನ ಹಾಸಿಗೆ ಎತ್ತುವಾಗ ನೀರಿನ ಖಾಲಿ ಸೀಸೆಗಳು ಸಿಕ್ಕವು. ಕೆಲವು ಚಿಕ್ಕವು, ಕೆಲವು ದೊಡ್ಡವು. ಕೈಯಲ್ಲಿ ಹಿಡಿದ ಕೂಡಲೇ ಅವಳಿಗೆ ತಿಳಿದುಹೋಯಿತು. ಅದರಿಂದಲೇ ಹೋದನಾ ಎಂದು ಕೇಳಿದ್ದಕ್ಕೆ ಡಾಕ್ಟರು, "ಹಾಗಂತ ಹೇಳಕ್ಕಾಗಲ್ಲ" ಎಂದರು. ಅಲ್ಲ ಎಂದೂ ಹೇಳಲಿಲ್ಲ.

ವರ್ಷ ತುಂಬುವ ಮೊದಲೇ ನಾದಿನಿಗೂ ಅದೇ ಕಾಯಿಲೆ, ಅದೇ ಪುಡಿ. ಅದೇ ನರ್ಸು ಎರಡು ಎಂಎಲ್ ನೀರಿನ ಸೀಸೆ ಕೈಗಿಟ್ಟು, "ಹತ್ತು ಗೆರೆ" ಎಂದಳು.

"ಎಷ್ಟು ನೀರಿಗೆ?" ಎಂದಳು ಬಣ್ಣದಕ್ಕ.

"ಅದೆಲ್ಲ ನಿಮಗ್ಯಾಕಮ್ಮ? ಗೆರೆ ನೋಡಿದ್ರೆ ಸಾಕು."

"ಗೆರೆ ಏನು ಔಷಧಾನಾ? ಒಂದು ಕೊಡದ ಬಣ್ಣ ಎರಡು ಕೊಡಕ್ಕೆ ಹಾಕಿ ನೋಡು, ಮುಖ ತೊಳೆದ ನೀರಾಗುತ್ತೆ!"

"ಅತ್ತಿಗೆ, ನನ್ನ ಕರ್ಕೊಂಡು ಬಂದಿದ್ದು ಸೂಜಿಗಾ, ಜಗಳಕ್ಕಾ?" ಎಂದಳು ನಾದಿನಿ.

"ಎರಡಕ್ಕೂ. ಬಾಯ್ಮುಚ್ಕೊಂಡು ಕೂತ್ಕೋ."

ನರ್ಸು ಹುಬ್ಬು ಗಂಟಿಕ್ಕಿದಳು. "ಆವತ್ತು ತಪ್ಪಾಗಿ ಕಲಸಿದ್ದು ನೀವೇ ಅಲ್ವಾ?"

"ಹೌದು ಕಣೇ, ನಾನೇ! ನೂಲಿಗೆ ತಪ್ಪದ ಕೈ ಗಂಡನಿಗೆ ತಪ್ತು. ನೀನು ಗೆರೆ ಹೇಳ್ದೆ, ನೀರು ಹೇಳಲಿಲ್ಲ. ಬಾಯಿಗೆ ಬೀಗ ಬಿದ್ದಿತ್ತಾ?"

ನರ್ಸು ಡಾಕ್ಟರ ಚೀಟಿ ನೋಡಿದಳು, ಸೀಸೆಯ ಮೇಲಿನದನ್ನು ಓದಿದಳು, ಕಾಗದದ ಮೇಲೆ ಲೆಕ್ಕ ಹಾಕಿದಳು. ಸ್ವರ ಇಳಿದಿತ್ತು. "ಒಂದು ಎಂಎಲ್‌ಗೆ ಹತ್ತು. ಎರಡಾದ್ರೆ ಇಪ್ಪತ್ತು ಗೆರೆ."

"ಸೀಸೆ ಮೇಲೆ ಬರಿ. ನೀರೂ ಬರಿ, ಗೆರೆನೂ ಬರಿ."

ಬರೆದಳು. ಬೆಂಚಿನ ಮೇಲೆ ಅಂಥದೇ ಸೀಸೆ ಹಿಡಿದು ಇನ್ನೂ ಮೂವರು ಕೂತಿದ್ದರು.

"ಅವರದ್ರ ಮೇಲೂ ಬರಿ."

"ಒಬ್ಬೊಬ್ಬರ ಚೀಟಿನೂ ನೋಡ್ಬೇಕಮ್ಮ. ತಡ ಆಗುತ್ತೆ."

ಬಣ್ಣದಕ್ಕ ಅವರ ಪಕ್ಕದಲ್ಲಿ ಗಟ್ಟಿಯಾಗಿ ಕೂತಳು.

"ಆಗ್ಲಿ. ಮನೇಲಿ ನನಗೋಸ್ಕರ ಕಾಯೋರು ಯಾರೂ ಇಲ್ಲ."