ಹೋಗತೇನಿ ಅನ್ನಬಾರದು

ಗೇಟಿನ ಚಿಲಕದ ಸದ್ದಾಯಿತೆಂದು ಇವತ್ತು ಮಧ್ಯಾಹ್ನದಿಂದ ಎಷ್ಟು ಸಲ ಎದ್ದೆನೋ. ಒಮ್ಮೆ ಹಾಲಿನವನು, ಒಮ್ಮೆ ಕೊಂಬು ತಿಕ್ಕುತ್ತಿದ್ದ ಎಮ್ಮೆ. ಅವಸರದಲ್ಲಿ ಎಮ್ಮೆಗೂ "ಬಾ" ಎಂದೆ. ಭಾನುವಾರ ನಮ್ಮ ಕಾಕಾ ಬರುವ ದಿನ. ನನಗೆ ಕುಳಿತಲ್ಲಿ ಕೂಡಲಾಗುವುದಿಲ್ಲ. ಮನೆತನದ ಗುಣ ಎನ್ನಿ.

ಕಮರಿಪೇಟೆಯ ಈ ಮನೆಯಲ್ಲಿ ಹೊರಡುವವರು "ಹೋಗತೇನಿ" ಅನ್ನಬಾರದು, "ಬರತೇನಿ" ಅನ್ನಬೇಕು. ನಿಮ್ಮಲ್ಲೂ ಹಾಗೇ ಇದ್ದೀತು. ಕಾಕಾನಿಗೆ ಬೇನೆ ಬಂದ ಮೇಲೆ, ಅಂದರೆ ಇಲ್ಲದವರ ದನಿ ಕೇಳಿಸಿ, ಊಟದಲ್ಲಿ ವಿಷವಿದೆ ಅನ್ನಿಸತೊಡಗಿದ ಮೇಲೆ, ಅವ್ವ ಈ ವಿಷಯದಲ್ಲಿ ಇನ್ನೂ ಬಿಗಿಯಾದಳು.

ಮೊದಮೊದಲು ಧಾರವಾಡದ ಹಗಲು ಆಸ್ಪತ್ರೆ. ಬೆಳಿಗ್ಗೆ ಬುತ್ತಿ ಹಿಡಿದು ಬಸ್ ಹತ್ತುವುದು. ಗುಳಿಗೆ, ಮಾತುಕತೆ, ಕೈಕೆಲಸ ಮುಗಿಸಿ ಸಂಜೆಗೆ ಮನೆ. ಓಣಿಯವರಿಗೆ ಅವ್ವ ನೌಕರಿ ಎಂದು ಹೇಳಿದ್ದಳು. ಎಲ್ಲಿ ಎಂದು ಕೇಳಿದವರಿಗೆ ಕಾಕಾನೇ ಹೇಳಿಬಿಟ್ಟ: "ಹುಚ್ಚರ ದವಾಖಾನ್ಯಾಗ್ರಿ. ಇನ್ನೂ ಪರ್ಮನೆಂಟ್ ಆಗಿಲ್ಲ."

ಹಗಲೇನೋ ಸಾಗುತ್ತಿತ್ತು. ಮನೆಗೆ ಬಂದನೆಂದರೆ ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಡಸಾಲೆಗೆ ತಿರುಗಾಟ. ಅವನ ಹಿಂದೆ ಅವ್ವನ ಕಣ್ಣು, ಅವ್ವನ ಹಿಂದೆ ನನ್ನ ಕಣ್ಣು. ಒಂದು ಲೋಟ ನೀರನ್ನೂ ಅವನೇ ತುಂಬಿಕೊಳ್ಳಲು ನಾವು ಬಿಡುತ್ತಿರಲಿಲ್ಲ. ಆಸ್ಪತ್ರೆಯ ಡಾಕ್ಟರಮ್ಮ ಒಂದು ದಿನ ನೇರವಾಗಿ ಹೇಳಿದರು.

"ಇಲ್ಲಿಗಿ ಬಂದ್ರ ಬೇನಿ ಹತೋಟ್ಯಾಗ ಇರತೈತ್ರಿ. ಆದ್ರ ಬದುಕೂದು ಕಲಿಯಾಕ ಇಷ್ಟ ಸಾಲೂದಿಲ್ಲ. ಪುನರ್ವಸತಿ ಕೇಂದ್ರದಾಗ ಕೆಲವು ತಿಂಗಳು ಇರ್ಲಿ. ಅಡಗಿ, ಸಂತಿ, ಅರಿವಿ ಒಗ್ಯಾಣ, ಎಲ್ಲಾ ತಾವ ಮಾಡ್ಕೋತಾರ."

"ಮನಿ ಇದ್ದಾವನ್ನ ಅನಾಥರಂಗ ಬಿಟ್ಟು ಬರಬೇಕೇನ್ರಿ?" ಅವ್ವ ಸಿಡಿದಳು.

ಎಷ್ಟೋ ದಿನ ಇದೇ ಚರ್ಚೆ. ಮನೆಯಲ್ಲಿದ್ದರೆ ಕಣ್ಣೆದುರು ಇರುತ್ತಾನೆ, ರೋಗಿಯಾಗಿಯೇ ಇರುತ್ತಾನೆ. ಅಲ್ಲಿಗೆ ಹೋದರೆ ತನ್ನ ಕಾಲ ಮೇಲೆ ನಿಂತಾನು, ನಮ್ಮನ್ನು ಮರೆತಾನು. ನನಗೆ ಎರಡಕ್ಕೂ ಹೆದರಿಕೆ. ಕೊನೆಗೆ ಕಾಕಾನೇ ಚೀಲ ತುಂಬಿಕೊಂಡು ಹೊಸ್ತಿಲಲ್ಲಿ ನಿಂತು "ಹೋಗತೇನಿ" ಎಂದ. ಅವ್ವ ಚೀಲ ಕಸಿದು, ಕೂಡಿಸಿ, ನೀರು ಕುಡಿಸಿ, "ಬರತೇನಿ" ಅನ್ನಿಸಿಯೇ ಕಳಿಸಿದಳು. ಆಮೇಲೆ ದೇವರ ಕೋಣೆಯಲ್ಲಿ ಕುಳಿತು ಅತ್ತಳು.

ಅವ್ವ ಈಗಿಲ್ಲ, ಕಾವಲು ನನ್ನ ಪಾಲಿಗೆ ಬಂದಿದೆ. ಕಾಕಾ ಕೇಂದ್ರದಿಂದ ಹೊರಬಂದು, ಅಲ್ಲಿಯ ಇಬ್ಬರು ಗೆಳೆಯರೊಂದಿಗೆ ಧಾರವಾಡದ ಕೆಲಗೇರಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದಾನೆ; ಗುಳಿಗೆ ತಪ್ಪಿಸುವುದಿಲ್ಲ. ದನಿಗಳು ಪೂರ್ತಿ ಹೋಗಿಲ್ಲವಂತೆ. "ಈಗ ಅವು ಹೇಳತಾವ, ನಾ ನನ್ನ ಪಾಡಿಗೆ ಪಲ್ಯಾಕ್ಕ ಒಗ್ಗರಣಿ ಹಾಕತೇನಿ" ಎನ್ನುತ್ತಾನೆ.

ಅಂತೂ ಬಂದ. ಚಹಾಕ್ಕೆ ಸಕ್ಕರೆ ಹೆಚ್ಚಾಯಿತೆಂದ. ಕುಡಿದು ಮುಗಿಸುವ ಮುಂಚೆಯೇ ಎದ್ದ.

"ಸಂಜಿ ಅಡಗಿ ಪಾಳಿ ನಂದೈತಿ. ಬದನಿಕಾಯಿ ಹೆಚ್ಚಬೇಕು. ಹೋಗತೇನಿ."

"ಕಾಕಾ, ಬರತೇನಿ ಅನ್ನು."

ಅವನು ಚಪ್ಪಲಿ ಮೆಟ್ಟುತ್ತ ನಕ್ಕ. "ಇಲ್ಲಿಗಿ ಬರತೇನಲ್ಲೋ, ಬರೋ ಐತವಾರ. ಈಗ ಮನಿಗಿ ಹೋಗತೇನಿ."

ಮನಿಗಿ. ಎದೆ ಚುರ್ ಎಂದಿತು, ಸುಳ್ಳೇಕೆ ಹೇಳಲಿ. ಸಂತೋಷವೂ ಆಯಿತು; ಯಾವುದು ಮೊದಲು ಎಂದು ಕೇಳಬೇಡಿ. ಗೇಟಿನ ಚಿಲಕ ನಾನೇ ತೆಗೆದೆ.

"ಹೋಗು, ಕಾಕಾ" ಎಂದೆ.