ಬೂತಾಯಿ ತಿಂದ ಕೋಳಿಯ ಮೊಟ್ಟೆ

ಮೂರು ವಾರದಿಂದ ನಾನು ಕೈಗೆ ಸಿಕ್ಕಿದ್ದನ್ನೆಲ್ಲ ಮೂಸುತ್ತಿದ್ದೇನೆ.

ಅಂಗಿಯ ತೋಳು ಮೂಸಿದೆ. ಕೊಡೆ ಮೂಸಿದೆ. ಹೆಗಲ ಬೈರಾಸು ಮೂಸಿದೆ. ಈ ಅಂಕಣ ಬರೆಯುವ ಕಾಗದವನ್ನೂ ಈಗಷ್ಟೇ ಮೂಸಿ ನೋಡಿದೆ. (ಶಾಯಿಯ ವಾಸನೆ ಬಂತು. ನಿಮ್ಮ ಕೈಯಲ್ಲಿರುವ ಪತ್ರಿಕೆಯಿಂದ ಬೇರೆ ಏನಾದರೂ ಬರುತ್ತಿದ್ದರೆ ದಯವಿಟ್ಟು ಒಂದು ಕಾರ್ಡು ಹಾಕಿ.) ಹೆಂಡತಿ ಮೊದಲ ಎರಡು ದಿನ ನಕ್ಕಳು. ಮೂರನೆಯ ದಿನ, "ನಿಮಗೆ ಎಂತ ಆಗಿದೆ?" ಎಂದು ಬೈದಳು.

ಎಂತ ಆಗಿದೆ? ಮೊಟ್ಟೆ ಆಗಿದೆ.

ಮೊದಲು ಅಮ್ಮನ ವಿಷಯ ಹೇಳಬೇಕು. ನಮ್ಮದು ಬೋಳೂರಿನ ಮೀನುಗಾರರ ಮನೆ. ಅಪ್ಪ ಇದ್ದಷ್ಟು ಕಾಲ ಅಪ್ಪ ಕಡಲಿಗೆ, ಅಮ್ಮ ಗುಡ್ಡೆಗೆ. ಮೂವತ್ತು ವರ್ಷ ಅಮ್ಮ ಬಂದರಿನಲ್ಲಿ ಮೀನು ಕೊಂಡು, ಬುಟ್ಟಿ ತಲೆಯ ಮೇಲೆ ಹೊತ್ತು, ನಂತೂರಿನ ಏರು ಹತ್ತಿ ಕುಲಶೇಖರದ ತನಕ ಮನೆ ಮನೆಗೆ ಮಾರಿದವಳು. ನನ್ನ ಸ್ಲೇಟು, ಫೀಸು, ಮೆಟ್ರಿಕ್ ಪರೀಕ್ಷೆಗೆ ಹೊಲಿಸಿದ ಕೋಟು, ಎಲ್ಲ ಆ ಬುಟ್ಟಿಯಿಂದಲೇ ಬಂದದ್ದು. ಎರಡು ವರ್ಷದ ಹಿಂದೆ ಬಂದರಿನ ಧಕ್ಕೆಯ ಮೆಟ್ಟಿಲಿನಲ್ಲಿ ಜಾರಿ ಬಿದ್ದಳು. ಸೊಂಟಕ್ಕೆ ಪೆಟ್ಟು. "ಇನ್ನು ತಲೆಯ ಮೇಲೆ ಭಾರ ಹೊರಲಿಕ್ಕಿಲ್ಲ" ಎಂದರು ಡಾಕ್ಟರು.

ಡಾಕ್ಟರಿಗೆ ಹೇಳಲಿಕ್ಕೆ ಸುಲಭ. ಅಮ್ಮ ಒಂದು ವಾರ ಮನೆಯಲ್ಲಿ ಕೂತಳು. ಎರಡನೆಯ ವಾರ ಎಲ್ಲರೊಡನೆ ಜಗಳ ಸುರು ಮಾಡಿದಳು. ಸಾರಿಗೆ ಉಪ್ಪು ಹೆಚ್ಚು, ಅಂಗಳಕ್ಕೆ ಸೆಗಣಿ ಕಡಿಮೆ, ಮಗನಿಗೆ ಬಾಯಿ ಉದ್ದ. ಎಲೆ-ಅಡಿಕೆಗೆ ಇರಲಿ ಎಂದು ಸಂಬಳದ ದಿನ ನಾನು ಒಂದು ರೂಪಾಯಿ ಕೊಟ್ಟೆ. ಅವಳು ಅದನ್ನು ಹಾಗೆಯೇ ಸೊಸೆಯ ಕೈಗೆ ದಾಟಿಸಿ, "ಅಕ್ಕಿಗೆ ಆಯಿತು" ಎಂದಳು. ಆ ತಿಂಗಳಿಡೀ ಎಲೆಯನ್ನೇ ಹಾಕಲಿಲ್ಲ. ಮೂವತ್ತು ವರ್ಷದ ಚಟ, ನೋಡಿ!

"ನನ್ನ ಬಾಯಿಗೆ ಬೀಳುವ ಎಲೆ ನನ್ನ ದುಡ್ಡಿನದ್ದೇ ಆಗಬೇಕು ಮಗಾ," ಎಂದಳು. "ಸೊಂಟ ಹೋಯಿತು ಸರಿ. ಕೈ ಹೋಗಲಿಲ್ಲವಲ್ಲ?"

ಹಾಗೆ ನಮ್ಮ ಹಿತ್ತಿಲಿಗೆ ಕೋಳಿ ಬಂದದ್ದು. ಒಂದು ಹುಂಜ, ಆರು ಹೇಂಟೆ.

ಕೋಳಿ ಸಾಕಿ ದುಡ್ಡು ಮಾಡುವುದು ಬಹಳ ಸುಲಭ ಎನ್ನುವವರು ಒಮ್ಮೆ ನಮ್ಮ ಮನೆಗೆ ಬನ್ನಿ. ಮೊದಲ ತಿಂಗಳು ಎರಡನ್ನು ಮುಂಗುಸಿ ಒಯ್ದಿತು. ಮರಿಗಳನ್ನು ಗಿಡುಗ ಲೆಕ್ಕ ಹಿಡಿದು ಎತ್ತಿಕೊಂಡು ಹೋಯಿತು. ಅಮ್ಮ ಅಪ್ಪನ ಹಳೆಯ ಬಲೆಯನ್ನು ಅಟ್ಟದಿಂದ ಇಳಿಸಿ, ತೆಂಗಿನಮರದಿಂದ ತೆಂಗಿನಮರಕ್ಕೆ ಕಟ್ಟಿಸಿ ಹಿತ್ತಿಲಿಗೆ ಚಪ್ಪರ ಹಾಕಿಸಿದಳು. (ಆ ಬಲೆಗೆ ಒಂದು ಗಿಡುಗ ಬಿದ್ದ ದಿನ ಇಡೀ ಕೇರಿ ನೋಡಲಿಕ್ಕೆ ಬಂದಿತ್ತು. ಅಪ್ಪ ಹಿಡಿಯದ ಮೀನು ಇದೊಂದೇ ಎಂದು ಅಮ್ಮ ಅಂದಳು.) ಕಾವಿಗೆ ಕೂತು ಮೊಟ್ಟೆ ನಿಲ್ಲಿಸಿದ ಹೇಂಟೆಗಳನ್ನು ನೀರಿನಲ್ಲಿ ಅದ್ದಿ ಎಬ್ಬಿಸಿದಳು. ಒಂದೂವರೆ ವರ್ಷದಲ್ಲಿ ಇಪ್ಪತ್ತೆರಡು ಹೇಂಟೆ ಆದವು.

ಆದರೆ ಕೊಳ್ಳುವವರು ಯಾರು? ನಮ್ಮ ಕೇರಿಯಲ್ಲಿ ಮನೆಗೊಂದು ಕೋಳಿಗೂಡು ಉಂಟು. ಬಂದರಿನ ಚಾ ಅಂಗಡಿಯವರು ಅರ್ಧ ಆಣೆಗೆ ಒಂದು ಮೊಟ್ಟೆ ತೆಗೆದುಕೊಳ್ಳಲಿಕ್ಕೂ ಮುಖ ತಿರುಗಿಸುತ್ತಿದ್ದರು. ಅಮ್ಮನ ಎಲೆಗೆ ಅಷ್ಟಕ್ಕಷ್ಟೇ.

ಇಲ್ಲಿ ನಾನು ನಡುವೆ ಬಿದ್ದೆ. ನಾನು ಒಂದು ಕಾಫಿ ಕಂಪೆನಿಯ ಆಫೀಸಿನಲ್ಲಿ ಗುಮಾಸ್ತ ಎಂದು ನಿಮಗೆ ಗೊತ್ತು. ನಮ್ಮ ಹೆಡ್ ಕ್ಲಾರ್ಕರು ಕುಲಶೇಖರದವರು, ಕ್ರಿಶ್ಚನ್ನರು, ದೊಡ್ಡ ಸ್ವರದಲ್ಲಿ ಮಾತಾಡದ ಸಜ್ಜನ. ಅವರ ಮಗಳಿಗೆ ಮದುವೆ ನಿಶ್ಚಯವಾಯಿತು. ಮದುವೆ ಎಂದರೆ ಕೇಕು, ಕೇಕು ಎಂದರೆ ಮೊಟ್ಟೆ. "ಒಳ್ಳೆಯ ಊರಕೋಳಿಯ ಮೊಟ್ಟೆ ಎಲ್ಲಿ ಸಿಗ್ತದೆ?" ಎಂದು ಅವರು ಸುಮ್ಮನೆ ಯಾರನ್ನೋ ಕೇಳಿದ್ದು. "ನಮ್ಮ ಮನೆಯಲ್ಲಿಯೇ ಉಂಟು ಸಾರ್" ಎಂದು ನಾನು ಬಾಯಿ ಹಾಕಿದೆ.

ಮಾತಾಯಿತು. ಮೊದಲು ಮೂರು ಡಜನ್, ಒಂದು ಕೇಕು ಮಾಡಿ ನೋಡಲಿಕ್ಕೆ. ಅದು ಸರಿ ಬಂದರೆ ಮದುವೆಯ ಮೊಟ್ಟೆ ಪೂರ್ತಿ ನಮ್ಮದು. ಮೇಲಿಂದ ಅವರ ಹೆಂಡತಿಯ ಮೂವರು ಅಕ್ಕತಂಗಿಯರ ಮನೆಗೂ ವಾರ ವಾರ. ಮೊಟ್ಟೆಗೆ ಮುಕ್ಕಾಲಾಣೆ.

ಅಮ್ಮನ ಮುಖ ನೋಡಬೇಕಿತ್ತು ನೀವು. ಅದು ಬೂತಾಯಿ ಮೀನಿನ ಸುಗ್ಗಿ. ದೋಣಿಗಳು ತಂದು ಸುರಿದದ್ದು ತಿಂದು, ಒಣಗಿಸಿ, ತೆಂಗಿನ ಬುಡಕ್ಕೆ ಹಾಕಿಯೂ ಮುಗಿಯುತ್ತಿರಲಿಲ್ಲ. ಅಮ್ಮ ಬೂತಾಯಿ ಬೇಯಿಸಿ ತೌಡಿನಲ್ಲಿ ಕಲಸಿ ಕೋಳಿಗಳಿಗೆ ಹೊತ್ತು ಹೊತ್ತಿಗೆ ಇಟ್ಟಳು. "ತಿನ್ನಿ ಮಕ್ಕಳೇ, ಬಾಯಮ್ಮನ ಮನೆಯ ಮದುವೆ" ಎಂದು ಉಪಚಾರ ಬೇರೆ. (ಹೆಡ್ ಕ್ಲಾರ್ಕರ ಹೆಂಡತಿ ಅಮ್ಮನಿಗೆ ಬಾಯಮ್ಮ.) ಕೋಳಿಗಳು ಪಂಥ ಕಟ್ಟಿದ ಹಾಗೆ ಮೊಟ್ಟೆ ಇಟ್ಟವು.

"ನಾನೇ ಕೊಂಡುಹೋಗಿ ಕೊಡ್ತೇನೆ," ಎಂದಳು ಅಮ್ಮ. "ಆ ಬಾಯಮ್ಮ ನನ್ನ ಹಳೆಯ ಗಿರಾಕಿ."

ನಾನು ಬೇಡ ಎಂದೆ. ಸೊಂಟದ ನೆಪ ಹೇಳಿದೆ. ನಿಜ ಹೇಳಬೇಕೋ? ಅಮ್ಮ ಹೋದರೆ ಅಭ್ಯಾಸದ ಪ್ರಕಾರ ಹಿಂದಿನ ಬಾಗಿಲಿಗೆ ಹೋಗ್ತಾಳೆ. ನಾನು ಆ ಮನೆಗೆ ಎದುರಿನ ಬಾಗಿಲಿನಿಂದ ಹೋಗಿ ಕುರ್ಚಿಯಲ್ಲಿ ಕೂತವನು. ಎರಡೂ ಬಾಗಿಲಿಗೆ ಬರುವವರು ಒಂದೇ ಮನೆಯವರು ಎಂದು ಅಲ್ಲಿ ಯಾರಿಗೂ ನೆನಪಾಗುವುದು ನನಗೆ ಬೇಕಿರಲಿಲ್ಲ. ಉಮಿ ತುಂಬಿದ ಬುಟ್ಟಿಯಲ್ಲಿ ಮೂರು ಡಜನ್ ಮೊಟ್ಟೆ ಇಟ್ಟುಕೊಂಡು ನಾನೇ ಹೋದೆ.

ನಂತರದ ಭಾನುವಾರ, ಅವರ ಚರ್ಚಿನ ಪೂಜೆ ಮುಗಿದ ಮೇಲೆ, ಹೆಡ್ ಕ್ಲಾರ್ಕರು ಮನೆಗೆ ಬರಹೇಳಿದರು. ಚಾವಡಿಯಲ್ಲಿ ಅವರು, ಬಾಯಮ್ಮ, ಮದುವೆಯ ಹುಡುಗಿ. ಪಿಂಗಾಣಿ ತಟ್ಟೆಯಲ್ಲಿ ಒಂದು ತುಂಡು ಕೇಕು ನನ್ನ ಮುಂದೆ ಇಟ್ಟರು.

"ತಿಂದು ನೋಡಿ," ಎಂದರು ಬಾಯಮ್ಮ.

ತಿಂದೆ. ಮೂವರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಹೇಗುಂಟು?"

"ಫಸ್ಟ್ ಕ್ಲಾಸ್ ಉಂಟು," ಎಂದೆ. ಮರ್ಯಾದೆಗೆ ಹೇಳಿದ್ದಲ್ಲ, ಬಾಯಿಗೆ ರುಚಿಯಾಗಿಯೇ ಇತ್ತು. ಅಷ್ಟಕ್ಕೆ ನಿಲ್ಲಿಸಬಾರದಾ? "ಇನ್ನೊಂದು ತುಂಡು ಕೊಡಿ," ಎಂದು ತಟ್ಟೆ ಮುಂದೆ ಹಿಡಿದೆ.

ಹುಡುಗಿ ಎದ್ದು ಒಳಗೆ ಹೋದಳು. ಬಾಯಮ್ಮ ಗಂಡನ ಮುಖ ನೋಡಿದರು. ಆಮೇಲೆ ಬಹಳ ಮೆಲ್ಲನೆ ಕೇಳಿದರು:

"ಮೀನಿನ ವಾಸನೆ ಬರುವುದಿಲ್ಲವಾ ನಿಮಗೆ?"

ಹಿಡಿದ ತಟ್ಟೆ ಹಿಡಿದ ಹಾಗೆಯೇ ಇತ್ತು. ಹೆಡ್ ಕ್ಲಾರ್ಕರು ಅದನ್ನು ಮೆಲ್ಲ ತೆಗೆದು ಮೇಜಿನ ಮೇಲಿಟ್ಟು, "ಅವರಿಗೆ ಗೊತ್ತಾಗ್ಲಿಕ್ಕಿಲ್ಲ, ಬಿಡು," ಎಂದು ಹೆಂಡತಿಗೆ ಹೇಳಿದರು. ಸಿಟ್ಟಿನಿಂದ ಅಲ್ಲ. ನನ್ನ ಮಾನ ಉಳಿಸಲಿಕ್ಕೆ ಹೇಳಿದ್ದು. ಅದೇ ಕಷ್ಟ. ಸಿಟ್ಟಿನಿಂದ ಹೇಳಿದ್ದರೆ ತಿರುಗಿ ಎರಡು ಮಾತು ಹೇಳಬಹುದಿತ್ತು.

ಉಳಿದ ಎರಡು ಡಜನ್ ಮೊಟ್ಟೆ ಹಿಡಿದುಕೊಂಡು ಕುಲಶೇಖರದಿಂದ ಬೋಳೂರಿಗೆ ನಡೆದೇ ಬಂದೆ. ನಂತೂರಿನ ಇಳಿಜಾರಿನಲ್ಲಿ ಒಂದು ಮರದಡಿ ನಿಂತು ಮೊಟ್ಟೆ ಮೂಸಿದೆ. ವಾಸನೆ ಇಲ್ಲ. ಕೈ ಮೂಸಿದೆ. ಇಲ್ಲ. ಅಂಗಿ ಮೂಸಿದೆ. ಎದುರಿನಿಂದ ಬಂದ ಗಾಡಿಯವನು ಎತ್ತು ನಿಲ್ಲಿಸಿ ನೋಡಿದ. ಸರಸರನೆ ನಡೆದೆ.

ದಾರಿಯಲ್ಲಿಯೇ ನನಗೆ ಕಿಟಕಿ ನೆನಪಾದದ್ದು.

ಹಳೆಯ ಓದುಗರಿಗೆ ಗೊತ್ತಿರಬಹುದು, ಇದೇ ಜಾಗದಲ್ಲಿ ನಾನು ಹಿಂದೊಮ್ಮೆ ನನ್ನ ಆಫೀಸಿನ ಕಿಟಕಿಯನ್ನು ಹೊಗಳಿ ಬರೆದಿದ್ದೆ. ಎಂಟು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಒಂದು ವಾರದಲ್ಲಿ ಹೆಡ್ ಕ್ಲಾರ್ಕರು ತಾವೇ ನಿಂತು ನನ್ನ ಮೇಜನ್ನು ಹೊಳೆಯ ಬದಿಯ ಕಿಟಕಿಯ ಹತ್ತಿರ ಹಾಕಿಸಿದರು. "ನಿಮಗೆ ಗಾಳಿ ಬರ್ತದೆ" ಎಂದರು. ದಿನಾ ಬೆಳಿಗ್ಗೆ ನಾನು ಬಂದ ಕೂಡಲೇ ಪ್ಯೂನು ಬಂದು ಆ ಕಿಟಕಿ ತೆಗೆಯುತ್ತಾನೆ. ಹೊಸಬನೊಬ್ಬನಿಗೆ ಇಷ್ಟು ಉಪಚಾರವೇ ಎಂದು ನಾನು ಉಬ್ಬಿಹೋಗಿ ಬರೆದಿದ್ದೆ. ಮಳೆಗಾಲದಲ್ಲಿಯೂ ಅದು ತೆರೆದೇ ಇರ್ತದೆ ಎಂದೂ ಬರೆದಿದ್ದೆ.

ಕಾಫಿ ಆಫೀಸು ಎಂದರೆ ಮೂಗಿನ ಕೆಲಸ. ಬೀಜದ ಸ್ಯಾಂಪಲ್ ಮೂಸಿ ದರ ಹೇಳುವವರು ಅಲ್ಲಿ ಇದ್ದಾರೆ. ಆಷಾಢದ ಮಳೆಯಲ್ಲಿ ಎರಚಲು ಬಿದ್ದು ನನ್ನ ಕಾಗದ ಒದ್ದೆಯಾದರೂ ಆ ಕಿಟಕಿ ಯಾಕೆ ಹಾಕುತ್ತಿರಲಿಲ್ಲ? ಎಂಟು ವರ್ಷದಲ್ಲಿ ಒಮ್ಮೆಯೂ ನನಗೆ ಈ ಪ್ರಶ್ನೆ ಯಾಕೆ ಹುಟ್ಟಲಿಲ್ಲ?

ಮನೆಗೆ ಬಂದೆ. ಅಮ್ಮ ಹಿತ್ತಿಲಿನಲ್ಲಿ ಬೂತಾಯಿ ಕಲಸುತ್ತಿದ್ದಳು. ಬುಟ್ಟಿ ನೋಡಿದಳು. "ಎಂತ, ಮದುವೆ ನಿಂತಿತಾ?"

"ಕೋಳಿಗೆ ಇನ್ನು ಮೀನು ಹಾಕಬೇಡ. ಉಷ್ಣ ಆಗ್ತದಂತೆ," ಎಂದೆ.

"ಯಾರಿಗೆ? ಕೋಳಿಗಾ, ನಿನಗಾ?"

ಅಮ್ಮನ ಎದುರು ಸುಳ್ಳು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎಲ್ಲ ಹೇಳಿದೆ. ಇನ್ನೊಂದು ತುಂಡು ಕೇಳಿದ್ದನ್ನೂ ಹೇಳಿದೆ. ಅವಳು ಅಳುತ್ತಾಳೆ, ಅಥವಾ ಕುಲಶೇಖರಕ್ಕೆ ಕೇಳುವ ಹಾಗೆ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಒಂದು ಮೊಟ್ಟೆಯನ್ನು ತೆಂಗಿನ ಗೆರಟೆಗೆ ಒಡೆದು ಮೂಸಿದಳು. ಸೊಸೆಯನ್ನು ಕರೆದು ಮೂಸಿಸಿದಳು. ಬೇಲಿಯಾಚೆಯ ಗಿರಿಜಕ್ಕನನ್ನೂ ಕರೆದಳು.

"ಎಂತ ವಾಸನೆಯೂ ಇಲ್ಲ," ಎಂದರು ಎಲ್ಲರೂ.

"ಬಾಯಮ್ಮ ಹೇಗೆ ಹೇಳಿದರು? ಜೋರಾಗಿಯಾ, ಮೆಲ್ಲನೆಯಾ?" ಎಂದು ಕೇಳಿದಳು ಅಮ್ಮ.

"ಮೆಲ್ಲನೆ."

"ಹಾಗಾದರೆ ವಾಸನೆ ಉಂಟು."

"ಅದು ಹೇಗೆ?"

"ದರ ಇಳಿಸಲಿಕ್ಕೆ ಸುಳ್ಳು ಹೇಳುವ ಗಿರಾಕಿ ಬೀದಿಗೆ ಕೇಳುವ ಹಾಗೆ ಹೇಳ್ತದೆ, ಮೀನು ಹಳತು, ಕಿವಿರು ಕಪ್ಪು ಅಂತ. ನಿಜವಾಗಿ ಹಾಳಾದದ್ದು ಸಿಕ್ಕಿದ ಗಿರಾಕಿ ಮೆಲ್ಲ ಹೇಳ್ತದೆ. ಮೂವತ್ತು ವರ್ಷ ನಾನು ಎಂತ ನೋಡಿದ್ದು ಮತ್ತೆ? ನಮ್ಮ ಮೂಗಿಗೆ ಹಿಡಿಯುವುದಿಲ್ಲ ಅಷ್ಟೇ."

ಅಷ್ಟು ಹೇಳಿ ಕೈ ತೊಳೆದಳು. ಅದೇ ಸಂಜೆ ಹತ್ತು ಹೇಂಟೆಗಳನ್ನು ಬೇರೆ ಮಾಡಿದಳು. ಹಿತ್ತಿಲಿನ ಒಂದು ಮೂಲೆಗೆ ಬಲೆಯ ಬೇಲಿ ಕಟ್ಟಿ ಅಲ್ಲಿ ಕೂಡಿಹಾಕಿದಳು. ಅವಕ್ಕೆ ತೌಡು, ತೆಂಗಿನ ಹಿಂಡಿ, ಹರಿವೆ ಸೊಪ್ಪು. ಮೀನಿನ ಒಂದು ಮುಳ್ಳೂ ಇಲ್ಲ. ಬೇಲಿಯ ಈಚೆಯ ಕೋಳಿಗಳು ಬೂತಾಯಿ ತಿನ್ನುವುದನ್ನು ನೋಡಿ ಆಚೆಯವು ಮಾಡಿದ ಗಲಾಟೆ ಕೇಳಲಾಗುತ್ತಿರಲಿಲ್ಲ. ಮೊಟ್ಟೆಯೂ ಕಡಿಮೆಯಾಯಿತು.

ಮುಂದಿನ ಶನಿವಾರ ನಾನು ಆಫೀಸಿನಿಂದ ಬರುವಾಗ ಅಮ್ಮ ಮನೆಯಲ್ಲಿ ಇರಲಿಲ್ಲ. ಬಸ್ಸು ಹಿಡಿದು ಕುಲಶೇಖರಕ್ಕೆ ಹೋಗಿದ್ದಳು. ಸೆರಗಿನಲ್ಲಿ ಎರಡು ಮೊಟ್ಟೆ. ಹಿಂದಿನ ಬಾಗಿಲಿನಲ್ಲಿ ನಿಂತು, "ಬಾಯಮ್ಮ, ಒಡೆದು ಮೂಸಿ ನೋಡಿ. ನನ್ನ ಮೂಗಿಗೆ ತಿಳಿಯುವುದಿಲ್ಲ, ನೀವು ಹೇಳಬೇಕು," ಎಂದಳಂತೆ.

ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಹೆಡ್ ಕ್ಲಾರ್ಕರ ಅಡಿಗೆಮನೆಯ ಬಾಗಿಲಿನಲ್ಲಿ ನನ್ನ ಅಮ್ಮ ನಿಂತುಕೊಂಡು, ನಮ್ಮ ವಾಸನೆ ಎಷ್ಟುಂಟು ಹೇಳಿ ಎಂದು ಕೇಳುವುದೇ? ಸೋಮವಾರ ಆಫೀಸಿನಲ್ಲಿ ಅವರ ಮುಖ ನೋಡಲಿಕ್ಕಾಗದೆ ಒಂದು ಕಾಲಮಿನ ಅಂಕಿಯನ್ನು ಇನ್ನೊಂದರಲ್ಲಿ ಬರೆದೆ. ಕಂಪೆನಿಯ ದೊರೆಯಿಂದ ಬೈಗಳು ತಿಂದೆ.

ಮೊದಲ ವಾರ ಬಾಯಮ್ಮ, "ಉಂಟು" ಎಂದರು. ಎರಡನೆಯ ವಾರ, "ಸ್ವಲ್ಪ ಉಂಟು." ಅಮ್ಮ ಪ್ರತಿ ಸಲ ಬಂದು ಅದನ್ನು ಪೇಟೆಧಾರಣೆಯ ಹಾಗೆ ಹೇಳುತ್ತಿದ್ದಳು. ನಾನು ಪ್ರತಿ ಸಲ ಎದ್ದು ಅಂಗಳಕ್ಕೆ ಹೋಗುತ್ತಿದ್ದೆ.

ಒಂದು ಮಾತು ಕೇಳುತ್ತೇನೆ ಓದುಗರೇ. ನಿಮ್ಮ ಮನೆಯ ವಾಸನೆ ನಿಮಗೆ ಗೊತ್ತುಂಟಾ? ಹೆಡ್ ಕ್ಲಾರ್ಕರ ಮನೆಯಲ್ಲಿ ಹುಳಿಹೆಂಡದ ವಿನೆಗರ್ ವಾಸನೆ ಉಂಟು, ಅವರಿಗೆ ಗೊತ್ತಿಲ್ಲ. ನನ್ನ ಪಕ್ಕದ ಗುಮಾಸ್ತರ ಕೋಟಿನಲ್ಲಿ ಇಂಗು ಮತ್ತು ಕರ್ಪೂರ, ಅವರಿಗೂ ಗೊತ್ತಿಲ್ಲ. ಆದರೆ ಅವರ ಮೇಜುಗಳನ್ನು ಯಾರೂ ಕಿಟಕಿಯ ಹತ್ತಿರ ಹಾಕಿಸಿಲ್ಲ. ಅಥವಾ ನನ್ನ ಮೇಜನ್ನೂ ಬರೀ ಗಾಳಿಗೆಂದೇ ಹಾಕಿಸಿದ್ದೋ? ಈ ಒಂದು 'ಅಥವಾ' ನನ್ನನ್ನು ಮೂರು ವಾರದಿಂದ ಕೂರಲೂ ಬಿಡುವುದಿಲ್ಲ, ನಿಲ್ಲಲೂ ಬಿಡುವುದಿಲ್ಲ.

ನಿನ್ನೆ ಮೂರನೆಯ ಶನಿವಾರ. ಅಮ್ಮ ಬಸ್ಸಿಳಿದು ಕುಂಟುತ್ತ ಬಂದಳು. ಬಾಯಿ ಕೆಂಪಾಗಿತ್ತು. ದಾರಿಯಲ್ಲಿಯೇ ಎಲೆ ಹಾಕಿದ್ದಳು.

"ಇಲ್ಲ ಎಂದರು," ಎಂದಳು. "ಒಡೆದು ಮೂಸಿ, ಮಗಳಿಗೂ ಮೂಸಿಸಿ, ಇಲ್ಲ ಎಂದರು. ಮದುವೆಗೆ ಎಂಟು ಡಜನ್. ಮುಂಗಡ ಕೊಟ್ಟಿದ್ದಾರೆ." ಬೂತಾಯಿ ತಿಂದ ಕೋಳಿಗಳ ಮೊಟ್ಟೆಯನ್ನು ದೋಣಿಯವರು ರುಚಿ ಉಂಟು ಎಂದು ಹುಡುಕಿಕೊಂಡು ಬಂದು ಒಯ್ಯುತ್ತಿದ್ದಾರೆ, ಅದು ಬೇರೆ.

"ನಿನಗೆ ನಾಚಿಕೆ ಆಗಲಿಲ್ಲವಾ ಅಮ್ಮ? ಅವರ ಬಾಗಿಲಿಗೆ ಹೋಗಿ ಮೂಸಿ ಅಂತ ಕೇಳಲಿಕ್ಕೆ?"

"ನಾಚಿಕೆ ಎಂತದ್ದು ಮಾರಾಯ? ಮೊಟ್ಟೆಗೆ ವಾಸನೆ ಇತ್ತು. ಕೇಳಿದೆ. ಹೇಳಿದರು. ತೆಗೆದೆ."

ಆಗ ನಾನು ಕಿಟಕಿಯ ವಿಷಯ ಹೇಳಿದೆ. ಎಂಟು ವರ್ಷದ್ದನ್ನು ಪೂರ್ತಿ ಹೇಳಿದೆ. ಅಮ್ಮ ಎಲೆ ಜಗಿಯುವುದನ್ನು ನಿಲ್ಲಿಸಿದಳು. ಈ ಮೂರು ವಾರದಲ್ಲಿ ಅವಳ ಮುಖಕ್ಕೆ ನೋವು ಬಂದದ್ದನ್ನು ನಾನು ಕಂಡದ್ದು ಆಗ ಮಾತ್ರ.

"ಮೊಟ್ಟೆಯದ್ದಾದರೆ ತೌಡು ಹಾಕಿ ತೆಗೆಯಬಹುದು," ಎಂದಳು ಮೆಲ್ಲನೆ. "ನಿನ್ನದನ್ನು ತೆಗೆಯುವುದು ಬೇಡ. ಆದರೆ ಕೇಳು. ಕೇಳದೆ ನಿನ್ನನ್ನೇ ನೀನು ಮೂಸಿಕೊಂಡು ಕೂತರೆ ಎಂತ ತಿಳೀತದೆ?"

ಕೇಳುವಷ್ಟು ಧೈರ್ಯ ನನಗಿಲ್ಲ. ನಾನು ಅಮ್ಮನಲ್ಲ. ಆದರೆ ನಾಳೆ ಸೋಮವಾರ, ಪ್ಯೂನು ಬರುವ ಮೊದಲೇ ಹೋಗಿ ಆ ಕಿಟಕಿಯನ್ನು ನನ್ನ ಕೈಯಿಂದಲೇ ಹಾಕಿ, ಚಿಲಕ ಬಿಗಿದು, ಕೆಲಸಕ್ಕೆ ಕೂರುತ್ತೇನೆ.

ಯಾರು ಎದ್ದು ಬಂದು ತೆಗೆಯುತ್ತಾರೆ, ನೋಡುವಾ.